ಅಣ್ಣ, ಗೋಡಂಬಿ ಮತ್ತು ಬರೀ ಆವಿ

ನಮ್ಮಣ್ಣನಷ್ಟು ಶುದ್ಧವಾದ ಗಾಳಿಯನ್ನು ಉಸಿರಾಡುವ ಮನುಷ್ಯ ಇಡೀ ಸಿಂಗಾಪುರದಲ್ಲಿ ಇನ್ನೊಬ್ಬನಿಲ್ಲ! ಇದು ನನ್ನ ಮಾತಲ್ಲ, ಅವನದೇ. ಕೇಳಿದರೆ ಹೇಳುತ್ತಾನೆ, ಕೇಳದಿದ್ದರೆ ಇನ್ನೂ ವಿವರವಾಗಿ ಹೇಳುತ್ತಾನೆ.

ಎಂಆರ್‌ಟಿ ಹತ್ತುವಾಗ ಅವನ ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕು. ಬೋಗಿಯ ಆ ತುದಿಯಲ್ಲಿ ಯಾರಾದರೂ ಕೆಮ್ಮಿದರೆ ಈ ತುದಿಯಲ್ಲಿ ಇವನು ಇಳಿದುಬಿಡುತ್ತಾನೆ. ಮುಂದಿನ ರೈಲಿಗೆ ಕಾಯುತ್ತಾನೆ. ಅದರಲ್ಲೂ ಯಾರೋ ಒಬ್ಬ ಕೆಮ್ಮುತ್ತಾನೆ. ಹೀಗೆ ಕೊತ್ತಂಬರಿ ಸೊಪ್ಪು ತರಲೆಂದು ಬುಕಿತ್ ಬಾಟೋಕ್‌ನಿಂದ ಲಿಟಲ್ ಇಂಡಿಯಾಕ್ಕೆ ಹೊರಟವನು ಅಂಗಡಿ ಮುಚ್ಚಿದ ಮೇಲೆ ತಲುಪಿದ್ದೂ ಉಂಟು. ಹಾಕರ್ ಸೆಂಟರಿನಲ್ಲಿ ಮೇಜು ಒರೆಸಲು ಅವನದೇ ಒಂದು ಬಟ್ಟೆ, ಒರೆಸಿದ ಬಟ್ಟೆಯನ್ನು ಇಡಲು ಒಂದು ಚೀಲ, ಆ ಚೀಲ ಮುಟ್ಟಿದ ಕೈಗೆ ಒಂದು ಬಾಟಲಿ ಸ್ಯಾನಿಟೈಸರ್. ಇಷ್ಟಾಗುವಾಗ ನನ್ನ ದೋಸೆ ಮುಗಿದಿರುತ್ತದೆ, ಅವನದು ಆರಿರುತ್ತದೆ. ಆರಿದ ದೋಸೆಯಲ್ಲಿ ಕ್ರಿಮಿ ಇರುತ್ತದೆಂದು ಅವನು ಅದನ್ನು ತಿನ್ನುವುದಿಲ್ಲ!

ಇಲ್ಲಿನ ಚೀನೀಯರು ತಮ್ಮ ಪಂಚಾಂಗದ ಏಳನೇ ತಿಂಗಳಲ್ಲಿ ತೀರಿಹೋದ ಹಿರಿಯರಿಗೆಂದು ಫ್ಲ್ಯಾಟುಗಳ ಬ್ಲಾಕಿನ ಕೆಳಗೆ ಕಾಗದ ಸುಡುತ್ತಾರೆ. ಆ ತಿಂಗಳಿಡೀ ನಮ್ಮ ಮನೆಯ ಕಿಟಕಿ ತೆರೆಯುವಂತಿಲ್ಲ. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಅಣ್ಣ ಕಾವಲು ಕೂರುತ್ತಾನೆ.

"ಅವರ ಅಜ್ಜನಿಗೆ ಕಳಿಸುವ ಹೊಗೆ ನನ್ನ ಶ್ವಾಸಕೋಶಕ್ಕೆ ಯಾಕೆ ಬರ್ಬೇಕು ಮಾರಾಯ್ತಿ?"

ಅವನ ಉದ್ಯೋಗವೂ ಹಾಗೆಯೇ ಇದೆ. ಕಂಪ್ಯೂಟರಿನ ಒಳಗೆ ಹೋಗುವ ಸಣ್ಣ ಸಣ್ಣ ಚಿಪ್‌ಗಳನ್ನು ಮಾಡುವ ಕಾರ್ಖಾನೆಯಲ್ಲಿ ಅವನು ಇನ್‌ಸ್ಪೆಕ್ಟರ್. ಒಂದು ಕಣ ಧೂಳೂ ಇರಬಾರದ ಕೋಣೆಯಲ್ಲಿ, ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಹಾಕಿಕೊಂಡು, ಇಡೀ ದಿನ ಧೂಳು ಹುಡುಕುವುದು ಅವನ ಕೆಲಸ. ಸಿಕ್ಕಿದರೆ ಬೈಯುತ್ತಾನೆ, ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲವೆಂದು ಬೈಯುತ್ತಾನೆ. ಮನೆಗೆ ಬಂದ ಮೇಲೆ ಬೈಯಲು ನಾನಿದ್ದೇನೆ.

ಇಂಥ ನಮ್ಮಣ್ಣ ವೇಪ್ ಎಳೆಯುತ್ತಿದ್ದ.

ಹೌದು, ಅದೇ ವೇಪ್, ಬ್ಯಾಟರಿಯ ಸಿಗರೇಟು! ಎಂಆರ್‌ಟಿಯಲ್ಲಿ, ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್‌ನಲ್ಲಿ, ಲಿಫ್ಟಿನ ಬಾಗಿಲಲ್ಲಿ, ಎಲ್ಲಿ ನೋಡಿದರೂ ಬೇಡ ಬೇಡ ಎಂದು ಪೋಸ್ಟರ್ ಅಂಟಿಸಿರುವ ವೇಪ್. ಈ ದೇಶದಲ್ಲಿ ಅದನ್ನು ಜೇಬಿನಲ್ಲಿ ಇಟ್ಟುಕೊಂಡರೂ ಅಪರಾಧ. ನಮ್ಮಣ್ಣನಂಥ ಹೊರದೇಶದವನು ಸಿಕ್ಕಿಬಿದ್ದರೆ ದಂಡ ಮಾತ್ರವಲ್ಲ, ಇಲ್ಲಿರಲು ಬೇಕಾದ ಕೆಲಸದ ಪಾಸೂ ಹೋಗಬಹುದು. ಆದರೆ ಅಣ್ಣನ ಪ್ರಕಾರ ಅವನು ಎಳೆಯುತ್ತಿದ್ದದ್ದು ಹೊಗೆ ಅಲ್ಲವೇ ಅಲ್ಲ.

"ಇದು ಬರೀ ಆವಿ. ಶೀತ ಆದಾಗ ಅಮ್ಮ ತಲೆ ಮೇಲೆ ಕಂಬಳಿ ಹಾಕಿ ಆವಿ ಹಿಡಿಸ್ತಿದ್ದಳಲ್ಲ, ಅದೇ. ಅದು ಪಾತ್ರೆಯಲ್ಲಿ, ಇದು ಪೆನ್ನಿನಲ್ಲಿ. ಅಷ್ಟೇ ವ್ಯತ್ಯಾಸ."

ಅಮ್ಮನ ಪಾತ್ರೆಯ ಆವಿ ಹಿಡಿದರೆ ಮೂಗಿನಿಂದ ನೀರು ಸುರಿದು ಪ್ರಾಣ ಬೇಡವೆನಿಸುತ್ತಿತ್ತು. ಇವನು ಅರ್ಧಕಣ್ಣು ಮುಚ್ಚಿ ಮಾವಿನಹಣ್ಣಿನ ಮೋಡ ಬಿಡುತ್ತಿದ್ದ! ಬರೀ ಆವಿ ಎಂದು ಅವನಿಗೆ ಹೇಳಿದವರು ಒಬ್ಬರಿದ್ದಾರೆ. ಅದು ಯಾರೆಂದು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಅಣ್ಣನನ್ನು ನೋಡಿ ನಗುವುದಿಲ್ಲ, ನನಗೆ ನೀವು ಸ್ವಲ್ಪ ನಗಬೇಕು.

ಆ ವಸ್ತು ನೋಡಲು ಹೈಲೈಟರ್ ಪೆನ್ನಿನ ಹಾಗೆಯೇ ಇತ್ತು. ಒಂದು ಸಲ ನನ್ನ ಮಗಳು ಸ್ಪೆಲಿಂಗಿಗೆ ಗೆರೆ ಎಳೆಯಲು ಅದನ್ನೇ ಎತ್ತಿಕೊಂಡಳು. ಬಸ್ಸು ಹೊರಟರೂ ಓಡದ ನಮ್ಮಣ್ಣ, ಓಡಿದರೆ ಹೆಚ್ಚು ಉಸಿರು ಎಳೆಯಬೇಕಾಗುತ್ತದಲ್ಲ, ಅಂದು ಸೋಫಾ ಹಾರಿ ಬಂದ!

"ಮಾಮಾ, ಇದ್ರಲ್ಲಿ ಇಂಕೇ ಇಲ್ಲ ಲಾ," ಎಂದಳು ಮಗಳು. "ಮತ್ತೆ ನಿಮ್ಮ ರೂಮ್ ಯಾಕೆ ಬಬಲ್ ಟೀ ಅಂಗಡಿ ಥರ ಸ್ಮೆಲ್ ಆಗ್ತದೆ?"

ಇನ್ನು ಗೋಡಂಬಿಯ ವಿಷಯ. ಗೋಡಂಬಿ ನಮ್ಮ ಬೆಕ್ಕು. ಮೈಬಣ್ಣ ಹುರಿದ ಗೋಡಂಬಿಯದು. ಮಲಗಿದಾಗ ಆಕಾರವೂ ಅದರದೇ. ಮರಿಯಾಗಿದ್ದಾಗ ಕಾರ್ ಪಾರ್ಕಿನಿಂದ ಅದನ್ನು ತನ್ನ ಊಟದ ಚೀಲದೊಳಗೆ ಹಾಕಿಕೊಂಡು ಬಂದವನು ಅಣ್ಣ. ಚೀಲ ಮುಟ್ಟಿದ ಕೈ ತೊಳೆಯುವ ಮನುಷ್ಯ, ಚರಂಡಿಯ ಪಕ್ಕದ ಬೆಕ್ಕನ್ನು ಅಂಗಿಯಲ್ಲಿ ಒರೆಸುತ್ತ ನಿಂತಿದ್ದ. "ಇವನಿಗೆ ಕ್ರಿಮಿ ಇಲ್ಲವಾ?" ಎಂದರೆ, "ನೋಡಿದರೆ ಗೊತ್ತಾಗ್ತದಲ್ಲ, ಒಳ್ಳೆಯ ಮನೆತನದವನು," ಎಂದ!

ಆ ಕಾಲದಲ್ಲಿ ನಮ್ಮಂಥ ಸರ್ಕಾರಿ ಫ್ಲ್ಯಾಟುಗಳಲ್ಲಿ ಬೆಕ್ಕು ಸಾಕುವುದು ನಿಷೇಧ. ಯಾರಾದರೂ ಬೆಲ್ ಒತ್ತಿದರೆ ಗೋಡಂಬಿ ಅಣ್ಣನ ಬೀರುವಿನೊಳಗೆ. ಬೆಕ್ಕು ಮಿಯಾಂವ್ ಎಂದರೆ ಅಣ್ಣ ಹೊರಗೆ ನಿಂತು ಕೆಮ್ಮಬೇಕು. ಆಮೇಲೆ ಕಾನೂನು ಬದಲಾಯಿತು. ಗೋಡಂಬಿಗೆ ಕತ್ತಿನ ಚರ್ಮದಡಿ ಗುರುತಿನ ಚಿಪ್ ಹಾಕಿಸಿದೆವು, ಲೈಸೆನ್ಸೂ ಬಂತು. ಈಗ ನೋಡಿ ತಮಾಷೆ: ಬೆಕ್ಕು ಕಾನೂನುಬದ್ಧ, ಅಣ್ಣ ಕಾನೂನುಬಾಹಿರ! ಬೆಲ್ ಆದರೆ ಬೆಕ್ಕು ಬಾಗಿಲಿಗೆ ಹೋಗುತ್ತಿತ್ತು, ಅಣ್ಣ ಬೀರುವಿನ ಕಡೆಗೆ.

ಅಣ್ಣ ಹೆದರುತ್ತಿದ್ದದ್ದು ಪೊಲೀಸರಿಗಿಂತ ಹೆಚ್ಚಾಗಿ ನನ್ನ ಯಜಮಾನರಿಗೆ. ಅವರು ಸೆಂಬವಾಂಗ್‌ನ ಹಡಗುಕಟ್ಟೆಯಲ್ಲಿ ಸೂಪರ್‌ವೈಸರ್. ಫ್ಲ್ಯಾಟು ಅವರ ಹೆಸರಿನಲ್ಲಿ. ಅಣ್ಣ ಅದರ ಒಂದು ಕೋಣೆಯಲ್ಲಿ. ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಾಗಲೂ ಸಿಗ್ನಲಿನಲ್ಲಿ ಹಸಿರು ಮನುಷ್ಯ ಬರುವವರೆಗೆ ದಾಟದ ಯಜಮಾನರಿಗೆ ವೇಪಿನ ವಾಸನೆ ಬಂದರೆ ಗತಿಯೇನು? ಹಾಗಾಗಿ ಅಣ್ಣ ಒಂದು ಉಪಾಯ ಮಾಡಿದ. ಭಕ್ತನಾದ!

ಅಲ್ಲಿಯವರೆಗೆ ಊದುಬತ್ತಿ ಹಚ್ಚಿದರೆ "ಶ್ವಾಸಕೋಶಕ್ಕೆ ಕೆಟ್ಟದು" ಎಂದು ನನ್ನನ್ನು ಬೈಯುತ್ತಿದ್ದವನು, ತನ್ನ ಕೋಣೆಯಲ್ಲೇ ಒಂದು ಹಲಗೆ ಹೊಡೆದು ಕೃಷ್ಣನ ಪಟ ಇಟ್ಟ. ಕೆಲಸದಿಂದ ಬಂದು, ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು, ಊದುಬತ್ತಿ ಹಚ್ಚಿ ಕೂತನೆಂದರೆ ಊಟದವರೆಗೆ ಏಳುವುದಿಲ್ಲ. ತೊಡೆಯ ಮೇಲೆ ಗೋಡಂಬಿ. ಕೃಷ್ಣನ ಪಟದ ಹಿಂದೆ ಹೈಲೈಟರ್. ಕೃಷ್ಣ ಚಿಕ್ಕಂದಿನಲ್ಲಿ ಬೆಣ್ಣೆ ಕದ್ದವನಾದ್ದರಿಂದ ಇಂಥದ್ದನ್ನು ಕ್ಷಮಿಸುತ್ತಾನೆಂದು ಅಣ್ಣನ ಲೆಕ್ಕಾಚಾರ ಇರಬೇಕು.

ಯಜಮಾನರಿಗೆ ಹೆಮ್ಮೆ. "ನಿನ್ನ ಅಣ್ಣನಿಗೆ ತಡವಾಗಿಯಾದರೂ ಬುದ್ಧಿ ಬಂತು," ಎಂದರು. ಒಂದು ಶುಕ್ರವಾರ ಅರಿಶಿನ ಕುಂಕುಮಕ್ಕೆ ಪಕ್ಕದ ಬ್ಲಾಕಿನ ಬೆಂಗಳೂರು ಆಂಟಿ ಬಂದರು. ಅಣ್ಣನ ಬಾಗಿಲ ಸಂದಿಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಆಂಟಿ ಅಲ್ಲಿಯೇ ಕೈಮುಗಿದು ನಿಂತುಬಿಟ್ಟರು.

"ಏನ್ರೀ ಪರಿಮಳ! ನಿಮ್ಮಣ್ಣ ಯಾವ ಅಗರಬತ್ತಿ ಯೂಸ್ ಮಾಡ್ತಾರೆ? ಲಿಟಲ್ ಇಂಡಿಯಾದಲ್ಲಿ ಸಿಗುತ್ತಾ?"

ಹೊರಗೆ ಬಂದ ಅಣ್ಣ ಗಂಭೀರವಾಗಿ ಹೇಳಿದ. "ಇಲ್ಲ ಆಂಟಿ. ಇದು ಜೊಹೋರ್‌ನಿಂದ ಬರ್ತದೆ."

ಅದೊಂದು ಸತ್ಯ ಹೇಳಿದ! ಗಡಿಯಾಚೆಯ ಮಲೇಷ್ಯಾದಿಂದ ಯಾರದೋ ಕಾಲುಚೀಲದೊಳಗೆ ಕೂತು ಬಂದ ಲಿಚಿಹಣ್ಣಿನ ಪರಿಮಳವದು. ಆಂಟಿ ಅದನ್ನು ಎದೆ ತುಂಬ ಎಳೆದುಕೊಂಡು, "ಬೆಕ್ಕು ನೋಡಿ, ಎಷ್ಟು ಶಾಂತವಾಗಿ ಕೂತಿದೆ. ಪೂರ್ವಜನ್ಮದ ಪುಣ್ಯ," ಎಂದು ಹೋದರು. ಮುಂದಿನ ಶುಕ್ರವಾರ ತಮ್ಮ ಅತ್ತೆಯನ್ನೂ ಕರೆತಂದರು.

ಆದರೆ ಆ ಪುಣ್ಯವಂತ ಕೆಮ್ಮಲು ಶುರುಮಾಡಿದ.

ಬೆಕ್ಕಿನ ಕೆಮ್ಮು ನಮ್ಮ ಕೆಮ್ಮಿನ ಹಾಗಲ್ಲ. ಗೋಡಂಬಿ ನೆಲಕ್ಕೆ ಅಂಟಿಕೊಂಡು, ಕುತ್ತಿಗೆ ಮುಂದಕ್ಕೆ ಚಾಚಿ, ಹೊಟ್ಟೆಯನ್ನು ಒಳಕ್ಕೆಳೆದು ಗೊರ್ ಗೊರ್ ಎನ್ನುತ್ತಿತ್ತು. ಏನೋ ವಾಂತಿಯಾಗುತ್ತದೆ ಎಂದು ನಾವು ಕಾಗದ ಹಿಡಿದು ಕಾದರೆ ಏನೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಮ್ಮ ಮುಖ ನೋಡಿ, ಏನೂ ಆಗದವರ ಹಾಗೆ ಕಾಲು ನೆಕ್ಕತೊಡಗುತ್ತಿತ್ತು.

ಅಣ್ಣ ತನಿಖೆಗೆ ಇಳಿದ. ಮೊದಲ ದಿನ ತಪ್ಪಿತಸ್ಥ ಬೆಕ್ಕಿನದೇ ಕೂದಲು. ಮರುದಿನ ಮೇಲಿನ ಮನೆಯವರು ಕೊಡವುವ ಚಾಪೆ. ಆಮೇಲೆ ನನ್ನ ಒಗ್ಗರಣೆ.

"ಬ್ಯಾಡಗಿ ಮೆಣಸು ಹುರಿದರೆ ಮನುಷ್ಯರೇ ಸಾಯ್ತಾರೆ, ಬೆಕ್ಕು ಬದುಕ್ತದಾ?"

"ಮತ್ತೆ ನಿನ್ನ ಮಾವಿನಹಣ್ಣು?"

"ಅದು ಆವಿ ಮಾರಾಯ್ತಿ! ಆವಿಯಲ್ಲಿ ಬೆಂದ ಇಡ್ಲಿ ತಿಂದು ಯಾರಿಗಾದರೂ ಕೆಮ್ಮು ಬಂದದ್ದುಂಟಾ?"

ಇಡ್ಲಿಯನ್ನು ತಂದರೆ ನಾನು ಏನು ಮಾತನಾಡಲಿ? ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಲಿಟಲ್ ಇಂಡಿಯಾದ ಪಾರ್ಲರಿನಲ್ಲಿ ಹುಬ್ಬು ತಿದ್ದುವವಳು. ಅವನು ಧೂಳು ಓದಿದವನು. ಒಗ್ಗರಣೆ ನಿಂತಿತು. ಮನೆಯವರೆಲ್ಲ ಸಪ್ಪೆ ಸಾರು ಉಂಡೆವು. ಬೆಕ್ಕು ಕೆಮ್ಮುತ್ತಲೇ ಇತ್ತು.

ಆಗ ಅಣ್ಣ ಗಾಳಿ ಶುದ್ಧ ಮಾಡುವ ಒಂದು ಯಂತ್ರ ತಂದ. ಬಿಳಿ ಬಣ್ಣದ, ಮಗಳ ಎತ್ತರದ ಯಂತ್ರ. ಅದರ ನೆತ್ತಿಯಲ್ಲೊಂದು ದೀಪ. ಗಾಳಿ ಚೆನ್ನಾಗಿದ್ದರೆ ನೀಲಿ, ಕೆಟ್ಟರೆ ಕೆಂಪು. ಹಾಲಿನಲ್ಲಿಟ್ಟಾಗ ನೀಲಿ. ಅಡುಗೆಮನೆಯಲ್ಲಿ, ನಾನು ಹಪ್ಪಳ ಸುಡುವಾಗ, ಸ್ವಲ್ಪ ಹೊತ್ತು ಕೆಂಪಾಗಿ ಮತ್ತೆ ನೀಲಿ. ಅಣ್ಣ ಗೆದ್ದವನ ಹಾಗೆ ಅದನ್ನು ತನ್ನ ಕೋಣೆಗೆ ತಳ್ಳಿಕೊಂಡು ಹೋದ. ಬಾಗಿಲು ಹಾಕಿದ. ಊದುಬತ್ತಿ ಹಚ್ಚಿದ. ಕೃಷ್ಣನ ಹಿಂದೆ ಕೈ ಹಾಕಿದ.

ಯಂತ್ರ ಕೆಂಪಾಯಿತು. ಕೆಂಪಾಗಿ ಹಾಗೆಯೇ ಉಳಿಯಿತು. ಫ್ಯಾನು ವಿಮಾನ ಏರುವ ಸದ್ದು ಮಾಡತೊಡಗಿತು. ಊದುಬತ್ತಿ ಆರಿಸಿದರೂ, ಅಣ್ಣ ಒಂದು ಸಲ ಎಳೆದು ಬಿಟ್ಟರೆ ಸಾಕು, ಮತ್ತೆ ಗರಂ ಆಗುತ್ತಿತ್ತು. ಕಾರ್ಖಾನೆಯಲ್ಲಿ ಇಂಥದೇ ಯಂತ್ರ ಹೇಳಿದ್ದನ್ನು ಕಣ್ಣುಮುಚ್ಚಿ ನಂಬಿ ಸಹಿ ಹಾಕುವ ಮನುಷ್ಯ, ಮನೆಯಲ್ಲಿ ಏನು ಮಾಡಿದ ಗೊತ್ತೇ? ಕನ್ನಡಿಯ ಮೇಲೆ ನಾನು ಅಂಟಿಸಿಟ್ಟಿದ್ದ ಬಿಂದಿಗಳಲ್ಲಿ ಒಂದು ದೊಡ್ಡದನ್ನು ಕಿತ್ತು ಆ ದೀಪದ ಮೇಲೆ ಒತ್ತಿದ!

"ಸೆನ್ಸರ್ ಸರಿ ಇಲ್ಲ," ಎಂದ.

ಹಣೆಗೆ ಬಿಂದಿ ಇಟ್ಟ ಯಂತ್ರ ಮುತ್ತೈದೆಯ ಹಾಗೆ ಮೂಲೆಯಲ್ಲಿ ನಿಂತಿತು. ಬೆಂಗಳೂರು ಆಂಟಿ ಅದಕ್ಕೂ ಕೈ ಮುಗಿದರೋ ಏನೋ, ನಾನು ನೋಡಲಿಲ್ಲ.

ಕೊನೆಗೆ ಬೆಕ್ಕನ್ನು ಪ್ರಾಣಿಗಳ ಡಾಕ್ಟರ ಹತ್ತಿರ ಕರೆದೊಯ್ದವಳು ನಾನು. ಚಿಕ್ಕ ವಯಸ್ಸಿನ ಚೀನೀ ಡಾಕ್ಟರಮ್ಮ. ಗೋಡಂಬಿಯ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಸ್ತಮಾ ಇದ್ದ ಹಾಗಿದೆ ಎಂದರು. ಆಮೇಲೆ ತಲೆ ಎತ್ತಿ ಕೇಳಿದರು.

"ಎನಿಬಡಿ ಸ್ಮೋಕ್ ಅಟ್ ಹೋಮ್? ವೇಪ್? ಇನ್ಸೆನ್ಸ್?"

ಮೂರು ಬಾಗಿಲು ತೆರೆದಿಟ್ಟ ಹಾಗಿತ್ತು. ನಾನು ಮೂರನೆಯದಕ್ಕೆ ನುಗ್ಗಿದೆ.

"ಇನ್ಸೆನ್ಸ್, ಡಾಕ್ಟರ್! ಮೈ ಬ್ರದರ್ ವೆರಿ ಮಚ್ ಪ್ರೇಯರ್."

ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಣೆಯಲ್ಲಿ ಬೆವರು ಬಂದದ್ದು ಎಸಿ ಕಡಿಮೆಯಿದ್ದದ್ದರಿಂದ ಎಂದೂ ಹೇಳಿಕೊಂಡೆ. ಡಾಕ್ಟರಮ್ಮ ಪಾಪ ನಿಧಾನವಾಗಿ ಬಿಡಿಸಿ ಹೇಳಿದರು. ಊದುಬತ್ತಿಯ ಹೊಗೆಯೂ ಬೆಕ್ಕಿನ ಉಸಿರಿಗೆ ಕೆಟ್ಟದ್ದೇ. ನಾವು ಉಸಿರಾಡುವುದನ್ನು ಬೆಕ್ಕೂ ಉಸಿರಾಡುತ್ತದೆ, ಅಷ್ಟಕ್ಕೇ ಮುಗಿಯುವುದಿಲ್ಲ. ಗಾಳಿಯಲ್ಲಿದ್ದದ್ದು ಅದರ ತುಪ್ಪಳದ ಮೇಲೆ ಕೂರುತ್ತದೆ, ಬೆಕ್ಕು ಇಡೀ ದಿನ ಮೈ ನೆಕ್ಕುವ ಪ್ರಾಣಿ, ಕೂತದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಅಷ್ಟು ಶುಚಿಯಾಗಿರುವುದೇ ಅದಕ್ಕೆ ಅಪಾಯ. ನನಗೆ ಯಾಕೋ ಅಣ್ಣನ ನೆನಪಾಯಿತು.

ಮನೆಗೆ ಬಂದು ತೀರ್ಪು ಓದಿದೆ. ಊದುಬತ್ತಿ ಬಂದ್! ಕೃಷ್ಣನಿಗೆ ಇದ್ದದ್ದು ಒಂದು ಊದುಬತ್ತಿ, ಅದೂ ಹೋಯಿತು. ಅಣ್ಣನ ಹೈಲೈಟರ್ ಮಾತ್ರ ದೇವರ ಹಿಂದೆ ಭದ್ರವಾಗಿತ್ತು. "ನೋಡಿದೆಯಾ, ನಾನು ಮೊದಲಿನಿಂದ ಹೇಳ್ತಾ ಇದ್ದೆ, ಊದುಬತ್ತಿ ಕೆಟ್ಟದು ಅಂತ," ಎಂದ!

ಡಾಕ್ಟರಮ್ಮ ಗೋಡಂಬಿಗೂ ಒಂದು ಇನ್‌ಹೇಲರ್ ಕೊಟ್ಟಿದ್ದರು. ಮೂತಿಗೆ ಪುಟ್ಟ ಮಾಸ್ಕ್ ಹಿಡಿದು ಔಷಧಿ ಒತ್ತಬೇಕು. ಅದನ್ನು ಅಣ್ಣನೇ ಮಾಡುತ್ತಿದ್ದ, ನನಗೆ ಬಿಡುತ್ತಿರಲಿಲ್ಲ. ಒಂದು ಸಂಜೆ ಬಾಗಿಲು ತೆರೆದು ನೋಡುತ್ತೇನೆ: ಮಂಚದ ಮೇಲೆ ಇಬ್ಬರೂ ಎದುರುಬದುರು. ಬೆಕ್ಕಿನ ಬಾಯಿಗೊಂದು ಪೀಪಿ, ಅಣ್ಣನ ಬಾಯಿಗೊಂದು ಪೀಪಿ. ಒಬ್ಬನದು ಉಸಿರು ಬರಲೆಂದು, ಇನ್ನೊಬ್ಬನದು ಉಸಿರು ಕೆಡಲೆಂದು. ಮದುವೆಮನೆಯ ವಾಲಗದವರ ಹಾಗೆ ಜೊತೆಯಾಗಿ ಊದುತ್ತಿದ್ದರು! ನಾನು ಹೊಟ್ಟೆ ಹಿಡಿದು ನಕ್ಕೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ನಾನು ಅಂದು ನಗಬಾರದಿತ್ತು. ಕಿತ್ತುಕೊಳ್ಳಬೇಕಿತ್ತು.

ಒಂದು ಭಾನುವಾರ ಮಧ್ಯಾಹ್ನ ಗೋಡಂಬಿ ಬಾಯಿ ತೆರೆದು ಉಸಿರಾಡತೊಡಗಿತು. ನಾಯಿಯ ಹಾಗೆ. ಬೆಕ್ಕು ಹಾಗೆ ಉಸಿರಾಡುವುದನ್ನು ನಾನು ನೋಡಿಯೇ ಇರಲಿಲ್ಲ. ನಾಲಿಗೆಯ ಬಣ್ಣ ಬೇರೆಯಾಗಿತ್ತು. ಅಣ್ಣ ಬನಿಯನ್ನಿನಲ್ಲೇ ಅದನ್ನು ಬುಟ್ಟಿಗೆ ಹಾಕಿಕೊಂಡು ಲಿಫ್ಟಿಗೆ ಓಡಿದ. ನಾನು ಅವನ ಅಂಗಿ, ಅವನ ಎರಡು ಮಾಸ್ಕು ಹಿಡಿದು ಹಿಂದೆ ಓಡಿದೆ. ಟ್ಯಾಕ್ಸಿಯಲ್ಲಿ ಅವನು ಬುಟ್ಟಿಯ ಜಾಲರಿಗೆ ಬಾಯಿಟ್ಟು, "ಉಸಿರು ತಗೋ ಮಗಾ, ಇನ್ನೊಂದು ತಗೋ, ಶಾಬಾಸ್," ಎನ್ನುತ್ತಿದ್ದ. ಆಮೇಲೆ ಏನೋ ಹೊಳೆದವನ ಹಾಗೆ ಬಾಯಿಯನ್ನು ದೂರ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದ. ಮಾಸ್ಕುಗಳನ್ನು ಕಸಿದು ಹಾಕಿಕೊಂಡ. ಮೊದಲ ಸಲ, ಅವನ ಗಾಳಿ ಇನ್ನೊಬ್ಬರಿಗೆ ತಾಗದಿರಲೆಂದು.

ಕ್ಲಿನಿಕ್ಕಿನಲ್ಲಿ ಅದೇ ಡಾಕ್ಟರಮ್ಮ. ಬೆಕ್ಕನ್ನು ಒಳಗೆ ಆಕ್ಸಿಜನ್ ಪೆಟ್ಟಿಗೆಗೆ ಹಾಕಿ ಹೊರಗೆ ಬಂದರು. ಮುಖ ಬಿಗಿಯಾಗಿತ್ತು.

"ಇನ್ಸೆನ್ಸ್ ನಿಲ್ಲಿಸಿದ್ರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಯೆಸ್ ಡಾಕ್ಟರ್, ಫುಲ್ ಸ್ಟಾಪ್."

"ಬೇರೆ ಏನೂ ಇಲ್ವಾ? ನನಗೆ ಗೊತ್ತಾಗಬೇಕು. ಯಾವ ಔಷಧಿ ಕೊಡಬೇಕು ಅನ್ನೋದಕ್ಕೆ."

ನಾನು ಬಾಯಿ ತೆರೆದೆ. ನಿಜ ಹೇಳಿದರೆ ಅಣ್ಣನ ಪಾಸು. ಹೇಳದಿದ್ದರೆ ಒಳಗಿರುವವನ ಉಸಿರು. ಇವೆರಡರ ನಡುವೆ ನನ್ನ ನಾಲಿಗೆ, ಹೇಳಲು ನಾಚಿಕೆಯಾಗುತ್ತದೆ, "ನಥಿಂಗ್" ಎಂಬ ಶಬ್ದದ ಅರ್ಧ ದಾರಿಗೆ ಹೋಗಿತ್ತು.

ಅಣ್ಣ ಮಾಸ್ಕ್ ತೆಗೆದ. ಒಂದನ್ನು, ಆಮೇಲೆ ಇನ್ನೊಂದನ್ನು.

"ಐ ವೇಪ್, ಡಾಕ್ಟರ್. ಎವ್ರಿ ಡೇ. ಸೇಮ್ ರೂಮ್. ಹೀ ಸಿಟ್ ಆನ್ ಮೈ ಲ್ಯಾಪ್."

ಕೌಂಟರಿನ ಹಿಂದಿನ ಹುಡುಗಿ ಟೈಪ್ ಮಾಡುವುದನ್ನು ನಿಲ್ಲಿಸಿದಳು. ಡಾಕ್ಟರಮ್ಮ ಫೋನ್ ಎತ್ತಲಿಲ್ಲ. ಕುರ್ಚಿ ಎಳೆದು ಅಣ್ಣನ ಮುಂದೆ ಕೂತು, ಯಾವ ಬಗೆಯದು, ನಿಕೋಟಿನ್ ಇದೆಯೇ, ಬೆಕ್ಕು ಅದರ ದ್ರವವನ್ನು ನೆಕ್ಕಿರಬಹುದೇ ಎಂದೆಲ್ಲ ಕೇಳಿದರು. ರಕ್ತಪರೀಕ್ಷೆ ಮಾಡಬೇಕೆಂದರು. ಅದು ನೀರಿನ ಆವಿಯೇ ಅಲ್ಲ. ಅದರಲ್ಲಿರುವ ನಿಕೋಟಿನ್ ಬೆಕ್ಕಿಗೆ ವಿಷ. ಅದರಲ್ಲಿರುವ ಜಿಡ್ಡಿನಂಥ ದ್ರವ ಬೆಕ್ಕಿನ ರಕ್ತವನ್ನು ಕೆಡಿಸಬಲ್ಲದೆಂದೇ ಬೆಕ್ಕಿನ ಆಹಾರದಲ್ಲಿ ಹಾಕುವುದಿಲ್ಲ. ಹಣ್ಣಿನ ಪರಿಮಳಕ್ಕೆ ಏನೇನು ಬೆರೆಸಿರುತ್ತಾರೋ ಯಾರಿಗೆ ಗೊತ್ತು. ಈ ಕಾಯಿಲೆಯಲ್ಲಿ ವೇಪಿನ ಪಾಲೆಷ್ಟು ಎಂದು ಅಳೆದು ಹೇಳಲು ತನ್ನಿಂದಾಗದು, ಆದರೆ ಬೆಕ್ಕಿನ ಬಳಿ ವೇಪ್ ಎಳೆದರೆ ಪರವಾಗಿಲ್ಲ ಎಂದು ಯಾವ ಡಾಕ್ಟರೂ ಹೇಳಲಾರರು ಎಂದರು.

"ಬಟ್... ಓನ್ಲಿ ಸ್ಟೀಮ್, ನೋ?" ಅಣ್ಣನ ಧ್ವನಿ ಮಗುವಿನದಾಗಿತ್ತು.

"ಹೂ ಟೋಲ್ಡ್ ಯು ದಟ್?"

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಆಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ, ಅದು ಈಗ.

ಅಣ್ಣ ಮೊದಲು ಸಿಗರೇಟು ಸೇದುತ್ತಿದ್ದ. ಮನೆಯಲ್ಲಲ್ಲ, ಬ್ಲಾಕಿನಿಂದ ದೂರ ಹೋಗಿ, ಮಳೆಯಿದ್ದರೆ ಕೊಡೆ ಹಿಡಿದು. ಕಾನೂನಿನ ಪ್ರಕಾರ, ಚಟಕ್ಕೆ ಬಿದ್ದವನು ಎಷ್ಟು ಮರ್ಯಾದೆಯಿಂದ ಸೇದಬಹುದೋ ಅಷ್ಟು ಮರ್ಯಾದೆಯಿಂದ. ಆದರೆ ಮೇಲೆ ಬಂದು ಕೈ ಚಾಚಿದರೆ ಗೋಡಂಬಿ ಅವನ ಬೆರಳು ಮೂಸಿ, ಸೀನಿ, ಮುಖ ತಿರುಗಿಸಿ ಹೋಗುತ್ತಿತ್ತು. ಸೋಪು ಹಾಕಿ ತೊಳೆದರೂ ಹೋಗುತ್ತಿತ್ತು. ಅಣ್ಣ ಚಾಚಿದ ಕೈಯನ್ನು ಹಾಗೆಯೇ ಹಿಡಿದು ಕೂತಿರುತ್ತಿದ್ದ. ಇತ್ತ ಯಜಮಾನರು, "ನಿನ್ನ ಅಣ್ಣ ಲಿಫ್ಟಿನಲ್ಲಿ ಬಂದದ್ದು ನನ್ನ ಮೂಗಿಗೆ ಗೊತ್ತಾಗ್ತದೆ," ಎಂದು ದಿನವೂ ನನಗೆ ಚುಚ್ಚುತ್ತಿದ್ದರು. ನನಗೆ ಆ ಮಾತು ನಿಲ್ಲಬೇಕಿತ್ತು. ಪಾರ್ಲರಿಗೆ ಬರುವ ಒಬ್ಬ ಹುಡುಗಿ ಹುಬ್ಬು ತಿದ್ದಿಸಿಕೊಳ್ಳುತ್ತ ತನ್ನ ಚೀಲದಿಂದ ವೇಪ್ ತೆಗೆದು ತೋರಿಸಿದಳು. ವಾಸನೆಯಿಲ್ಲ ಆಂಟಿ, ಬರೀ ಸ್ಟೀಮ್ ಎಂದಳು. ನಾನು ಆ ಸಂಜೆಯೇ ಅಣ್ಣನಿಗೆ ಹೇಳಿದೆ.

"ಅದು ಬರೀ ಆವಿಯಂತೆ ಅಣ್ಣ. ಗೋಡಂಬಿಗೆ ಏನೂ ಆಗುವುದಿಲ್ಲ. ಆಗ ಅವನು ನಿನ್ನ ಹತ್ತಿರ ಬರ್ತಾನೆ."

ಕಾನೂನು ನನಗೆ ಗೊತ್ತಿತ್ತು, ಪೋಸ್ಟರ್ ನಾನೂ ಓದಿದ್ದೆ. ಆದರೂ ಹೇಳಿದೆ. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕನ್ನೂ ನಂಬದೆ ಮೂಸಿ ನೋಡುವ ಮನುಷ್ಯ, ಯಂತ್ರದ ದೀಪವನ್ನೂ ನಂಬದ ಮನುಷ್ಯ, ಒಂಬತ್ತನೇ ಕ್ಲಾಸಿನ ತಂಗಿಯ ಮಾತನ್ನು ನಂಬಿದ. ಯಾಕೆಂದರೆ ಆ ಮಾತಿನ ಕೊನೆಯಲ್ಲಿ ಬೆಕ್ಕು ಇತ್ತು. ಬೆಕ್ಕು ಬಂತು ಕೂಡ! ಮಾವಿನಹಣ್ಣಿನ ಬೆರಳನ್ನು ಮೂಸಿ, ನೆಕ್ಕಿ, ತೊಡೆಯೇರಿ ಕೂತಿತು. ಮತ್ತೆ ಇಳಿಯಲಿಲ್ಲ.

ಈಗ ಕ್ಲಿನಿಕ್ಕಿಗೆ ಮರಳೋಣ. ಯಾರು ಹೇಳಿದ್ದು ಎಂದು ಡಾಕ್ಟರಮ್ಮ ಕೇಳಿದ್ದರು. ಅಣ್ಣ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಜೀವನದಲ್ಲಿ ಸಿಕ್ಕಿದ್ದನ್ನೆಲ್ಲ ನನ್ನ ಒಗ್ಗರಣೆಯ ತಲೆಗೆ ಕಟ್ಟಿದವನು, ನಿಜವಾಗಿಯೂ ತಪ್ಪು ನನ್ನದಾಗಿದ್ದ ಒಂದೇ ಒಂದು ದಿನ, ಗಂಟಲು ಸರಿಮಾಡಿಕೊಂಡು ಹೇಳಿದ.

"ಸಮ್‌ವೇರ್ ಐ ರೀಡ್, ಡಾಕ್ಟರ್. ಇನ್ ದಿ ಫೋನ್."

ಗೋಡಂಬಿಯನ್ನು ಅಲ್ಲಿಯೇ ಬಿಟ್ಟು, ಖಾಲಿ ಬುಟ್ಟಿ ಹಿಡಿದು ಹೊರಗೆ ಬಂದೆವು. ಅಣ್ಣ ಮನೆಗೆ ಹೋಗಿ ಕೃಷ್ಣನ ಹಿಂದಿನಿಂದ ಅದನ್ನು ತೆಗೆದು ಕಮ್ಯುನಿಟಿ ಕ್ಲಬ್ಬಿಗೆ ನಡೆದ. ವೇಪ್ ತಂದು ಹಾಕಿದವರನ್ನು ಏನೂ ಕೇಳದ ಒಂದು ಪೆಟ್ಟಿಗೆ ಅಲ್ಲಿದೆ. ಹಾಕಿ, ತಾನು ಮುಟ್ಟಿದ ಪೆಟ್ಟಿಗೆಯ ಬಾಯಿಯನ್ನು ಒರೆಸಿ ಬಂದ! ಆ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಊಟಕ್ಕೆ ಕೂತಾಗ ಯಜಮಾನರಿಗೂ ಅವನೇ ಹೇಳಿದ, "ಭಾವ, ನಾನು ಪೂಜೆ ಮಾಡ್ತಾ ಇರ್ಲಿಲ್ಲ." ಯಜಮಾನರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಬೈಗುಳಕ್ಕೆ ನಾನು ಕಾದೆ. "ಬೆಕ್ಕು ಹೇಗುಂಟು?" ಎಂದರು.

ಕರೆದುಕೊಂಡು ಹೋಗಿ ಎಂದು ಕ್ಲಿನಿಕ್ಕಿನಿಂದ ಫೋನ್ ಬರುವವರೆಗೆ ಅಣ್ಣ ತನ್ನ ಕೋಣೆಯ ಗೋಡೆ, ಪರದೆ, ಹಾಸಿಗೆ, ಕೃಷ್ಣನ ಗಾಜು, ಎಲ್ಲವನ್ನೂ ತೊಳೆದ. ನಿಕೋಟಿನ್ ಇಲ್ಲದೆ ಸಿಡುಕುತ್ತಿದ್ದ. ಬಕೆಟ್ಟನ್ನು ಬೈದ, ನನ್ನನ್ನು ಬೈಯಲಿಲ್ಲ. ಯಂತ್ರದ ಹಣೆಯ ಬಿಂದಿಯನ್ನು ಕಿತ್ತು ನನ್ನ ಕನ್ನಡಿಗೆ ಮರಳಿ ಅಂಟಿಸಿದ. ದೀಪ ನೀಲಿ ಇತ್ತು. ಅದನ್ನು ನನಗೆ ತೋರಿಸಲೂ ಇಲ್ಲ.

ಕ್ಲಿನಿಕ್ಕಿನಿಂದ ಮರಳುವಾಗ ಟ್ಯಾಕ್ಸಿಯಲ್ಲಿ ಬುಟ್ಟಿ ಅವನ ತೊಡೆಯ ಮೇಲಿತ್ತು. ಒಳಗೆ ಗೋಡಂಬಿ, ಒಂದು ಕಾಲಿಗೆ ಸೂಜಿಗಾಗಿ ಕೂದಲು ಬೋಳಿಸಿಕೊಂಡು, ಬಾಯಿ ಮುಚ್ಚಿ, ಮೂಗಿನಲ್ಲಿ ಉಸಿರಾಡುತ್ತಿತ್ತು. ಇನ್‌ಹೇಲರ್ ಇನ್ನು ಬಹಳ ಕಾಲ ಬೇಕೆಂದಿದ್ದಾರೆ. ಜಾಲರಿಯಿಂದ ಹೊರಗೆ ಚಾಚಿದ ಅದರ ಪಾದ ಅಣ್ಣನ ಬೆರಳಿನ ಮೇಲಿತ್ತು. ಅವನು ಬೆರಳು ಅಲ್ಲಾಡಿಸದೆ ಕೂತಿದ್ದ. ನಾನು ಇನ್ನು ತಡೆಯಲಾರದೆ ತುಳುವಿನಲ್ಲಿ ಶುರುಮಾಡಿದೆ. ನಮ್ಮ ಮನೆಮಾತು ಅದೇ.

"ಅಣ್ಣಾ, ಅದು ಬರೀ ಆವಿ ಅಂತ ನಿನಗೆ ಹೇಳಿದ್ದು ನಾನಲ್ವಾ..."

"ಸುಮ್ಮನಿರು ಮಾರಾಯ್ತಿ. ಕೇಳ್ತದೆ."

"ಡ್ರೈವರ್ ಚೈನೀಸ್ ಅಂಕಲ್. ಅವರಿಗೆಲ್ಲಿ ತುಳು ಅರ್ಥ ಆಗ್ತದೆ?"

"ಅವರಿಗಲ್ಲ," ಎಂದು ಅಣ್ಣ ಇನ್ನೊಂದು ಕೈಯನ್ನು ಬುಟ್ಟಿಯ ಜಾಲರಿಗೆ ಮೆಲ್ಲನೆ ಅಡ್ಡ ಹಿಡಿದ. "ಇವನಿಗೆ."